ಡ್ರಾಫ್ಟ್ 2025: ಸ್ಯಾಕ್ ಎಣಿಸಬೇಕಾ, ತೋಳು ಅಳೆಯಬೇಕಾ? ಡಿಫೆನ್ಸಿವ್ ಲೈನ್ ಹುಡುಗರ ಬಗ್ಗೆ ಏನಂತೀರಿ?

ನೋವಿ_ನಾಗ
ಇನ್ನೊಂದು ವಾರಕ್ಕೆ ಗ್ರೀನ್ ಬೇಯಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು. ನಾನು ಡೆಟ್ರಾಯಿಟ್ ಲಯನ್ಸ್ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಹೋದ ಸೀಸನ್‌ನಲ್ಲಿ 15 ಗೆದ್ದು 2 ಸೋತ ತಂಡ, ಪ್ಲೇಆಫ್‌ನಲ್ಲಿ ವಾಷಿಂಗ್ಟನ್‌ಗೆ 45 ಪಾಯಿಂಟ್ ಬಿಟ್ಟುಕೊಟ್ಟು ಮನೆಗೆ ಬಂತು. ಅಕ್ಟೋಬರ್‌ನಲ್ಲಿ ಡಲ್ಲಾಸ್ ಪಂದ್ಯದಲ್ಲಿ ನಮ್ಮ ಎಡ್ಜ್ (ಲೈನ್‌ನ ಅಂಚಿನಿಂದ ನುಗ್ಗುವವನು) ಹಚಿನ್ಸನ್ ಕಾಲು ಮುರಿದುಕೊಂಡ. ಅಲ್ಲಿಂದಾಚೆಗೆ ಬಾಲ್ ಎಸೆಯುವ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ ಹೆದರಿಕೆಯೇ ಇರಲಿಲ್ಲ. ಜಡೇರಿಯಸ್ ಸ್ಮಿತ್‌ನನ್ನು ಮಧ್ಯದಲ್ಲಿ ತಂದರೂ ಅಷ್ಟಕ್ಕಷ್ಟೇ.

ನಮ್ಮದು 28ನೇ ಸರದಿ. ಹಚಿನ್ಸನ್ ಎದುರು ಬದಿಗೆ ಒಬ್ಬ ಎಡ್ಜ್ ಬೇಕು ಅನ್ನುವುದು ನನ್ನ ವಾದ. ಆದರೆ ಯಾರು? ಈ ಸಲ ಎರಡು ತರದ ಹುಡುಗರಿದ್ದಾರೆ. ಟೆಕ್ಸಸ್ ಎ ಅಂಡ್ ಎಂನ ಶೆಮಾರ್ ಸ್ಟೀವರ್ಟ್: 267 ಪೌಂಡ್ ತೂಕ, 40 ಗಜ ಓಡಿದ್ದು 4.59 ಸೆಕೆಂಡಿನಲ್ಲಿ, ನಿಂತಲ್ಲಿಂದ 40 ಇಂಚು ಜಿಗಿಯುತ್ತಾನೆ. ಆದರೆ ಮೂರು ವರ್ಷದ ಕಾಲೇಜು ಆಟದಲ್ಲಿ ಒಟ್ಟು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) 4.5! ಇನ್ನೊಂದು ಕಡೆ ಮಾರ್ಷಲ್‌ನ ಮೈಕ್ ಗ್ರೀನ್: ಹೋದ ಸೀಸನ್ ಒಂದರಲ್ಲೇ 17 ಸ್ಯಾಕ್, ಇಡೀ ದೇಶಕ್ಕೆ ಮೊದಲು, ಆದರೆ 251 ಪೌಂಡ್, ಸಣ್ಣ ಕಾಲೇಜು. ನೀವಾದರೆ ಯಾರನ್ನು ತೆಗೆದುಕೊಳ್ಳುತ್ತೀರಿ, ಯಾಕೆ?

ಫಿಲ್ಲಿ_ಫಣಿ
ಸ್ಟೀವರ್ಟ್ 28ಕ್ಕೆ ಸಿಗುವುದಿಲ್ಲ, ಕನಸು ಕಾಣಬೇಡಿ. 20ರೊಳಗೆ ಹೋಗುತ್ತಾನೆ.

ಸೊನ್ನೆ_ಟೆಕ್ನಿಕ್
ಸ್ಯಾಕ್ ಎಣಿಸುವ ಚಟ ಬಿಡಿ ಸ್ವಾಮಿ. ಸ್ಯಾಕ್ ಅಂದರೆ ಕೊನೆಯ ಫಲ. ಎಷ್ಟೋ ಸಲ ಒಬ್ಬ ಎದುರಾಳಿ ಲೈನ್‌ನ ಗಾರ್ಡ್‌ನನ್ನು ಹಿಂದಕ್ಕೆ ತಳ್ಳಿ ಕ್ವಾರ್ಟರ್‌ಬ್ಯಾಕ್ ಓಡುವ ಹಾಗೆ ಮಾಡುತ್ತಾನೆ, ಸ್ಯಾಕ್ ಇನ್ನೊಬ್ಬನ ಖಾತೆಗೆ ಬೀಳುತ್ತದೆ. ನಾನು ನೋಡುವುದು ಮೂರೇ. ಬಾಲ್ ಅಲ್ಲಾಡಿದ ಕೂಡಲೇ ಮೊದಲ ಹೆಜ್ಜೆ ಎಷ್ಟು ಬೇಗ ಬಿತ್ತು. ಕೈ ಎದುರಾಳಿಯ ಎದೆಯ ಒಳಭಾಗಕ್ಕೆ ಹೋಯಿತಾ ಇಲ್ಲವಾ. ಮೊದಲ ಪಟ್ಟು ಕೆಲಸ ಮಾಡದಿದ್ದರೆ ಎರಡನೆಯದು ಇದೆಯಾ. ಸ್ಟೀವರ್ಟ್‌ಗೆ ಮೊದಲನೆಯದು ಇದೆ. ಎರಡನೆಯದು ಕೆಲವೊಮ್ಮೆ. ಮೂರನೆಯದು ನನಗಂತೂ ಕಾಣಲಿಲ್ಲ. ಓಡಿ ಬಂದು ಡಿಕ್ಕಿ ಹೊಡೆಯುತ್ತಾನೆ, ನಿಂತರೆ ನಿಂತ.

ದಾವಣಗೆರೆ_ಟು_ಡಲ್ಲಾಸ್
@ಸೊನ್ನೆ_ಟೆಕ್ನಿಕ್ ಎದೆಯ ಒಳಭಾಗದ ಮಾತು ನೂರಕ್ಕೆ ನೂರು ನಿಜ. ನನ್ನ ಮಗ ಇಲ್ಲಿ ಹೈಸ್ಕೂಲ್ ತಂಡದಲ್ಲಿ ಡಿಫೆನ್ಸಿವ್ ಟ್ಯಾಕಲ್, ಲೈನ್ ಮಧ್ಯದವನು. ಆಗಸ್ಟ್ ಬಿಸಿಲಿನಲ್ಲಿ ಪ್ರ್ಯಾಕ್ಟೀಸ್ ನೋಡಲು ಹೋದರೆ ಕೋಚ್ ಬಾಯಲ್ಲಿ ಒಂದೇ ಮಾತು, ಕೈ ಒಳಗೆ, ಹೆಬ್ಬೆರಳು ಮೇಲೆ. ಹುಡುಗರು ಮಂಡಿಯೂರಿ ಕೂತು ಸ್ಲೆಡ್‌ನ ದಿಂಬಿಗೆ ಬರೀ ಕೈಯಿಂದ ಗುದ್ದುತ್ತಾರೆ, ಕಾಲು ಬಳಸುವ ಹಾಗಿಲ್ಲ. ಗುದ್ದಿದಾಗ ಅಂಗೈ ಎರಡೂ ಒಟ್ಟಿಗೆ ಬಿದ್ದರೆ ಢಬ್ ಅಂತ ಒಂದೇ ಸದ್ದು, ಹಿಂದೆ ಮುಂದೆ ಬಿದ್ದರೆ ಎರಡು ಸದ್ದು. ಕೋಚ್ ಬೆನ್ನು ತಿರುಗಿಸಿ ನಿಂತು ಸದ್ದು ಕೇಳಿಯೇ ಬೈಯುತ್ತಾನೆ. ಇದನ್ನು ಕಂಡ ಮೇಲೆ 40 ಗಜದ ಓಟದ ಬಗ್ಗೆ ನನಗೆ ಗೌರವ ಕಡಿಮೆಯಾಗಿದೆ. ಟ್ಯಾಕಲ್ ಆಡುವವನು ಯಾವ ಪಂದ್ಯದಲ್ಲಿ 40 ಗಜ ಅಡ್ಡಿಯಿಲ್ಲದೆ ಓಡುತ್ತಾನೆ ಹೇಳಿ?

ಶಿಕಾಗೋ_ಶಾರದೆ
ಮಿಚಿಗನ್‌ನ ಟ್ಯಾಕಲ್ ಕೆನೆತ್ ಗ್ರಾಂಟ್ ಓಡಿದ್ದಾನೆ 😄 2023ರಲ್ಲಿ ಪೆನ್ ಸ್ಟೇಟ್‌ನ ರನ್ನಿಂಗ್ ಬ್ಯಾಕ್ ತಪ್ಪಿಸಿಕೊಂಡು ಓಡುತ್ತಿದ್ದಾಗ ಆ 330 ಪೌಂಡ್ ಮನುಷ್ಯ ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ ಹಿಡಿದ. ವಿಡಿಯೋ ಹುಡುಕಿ ನೋಡಿ.

ಹಾಸನದ_ಹೊಸಬ
ಅಣ್ಣಂದಿರೇ, ಅಕ್ಕಂದಿರೇ, ನಾನು ಅಮೆರಿಕಕ್ಕೆ ಬಂದು ಇನ್ನೂ ಒಂದು ಚಳಿಗಾಲ. ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ತರಹವೇ ಅಲ್ವಾ? ದುಡ್ಡಿರುವ ತಂಡ ಒಳ್ಳೆಯವನನ್ನು ಹೊಡೆದುಕೊಳ್ಳುತ್ತದೆ? ಮತ್ತೆ ಇಲ್ಲಿ ಒಬ್ಬರ ಹೆಸರಲ್ಲೇ ಇರುವ ಈ ಟೆಕ್ನಿಕ್, ಸೊನ್ನೆ, ಮೂರು, ಐದು ಅಂತಾರಲ್ಲ, ಹಾಗಂದರೇನು?

ಫಿಲ್ಲಿ_ಫಣಿ
@ಹಾಸನದ_ಹೊಸಬ ಹರಾಜಲ್ಲ, ಸರದಿ. 32 ತಂಡ, 7 ಸುತ್ತು. ಹಿಂದಿನ ವರ್ಷ ಹೀನಾಯವಾಗಿ ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ಅಂದರೆ ನಮ್ಮ ಫಿಲಡೆಲ್ಫಿಯಾ ಈಗಲ್ಸ್‌ಗೆ. ಹೆಹೆ. ಸರದಿಯನ್ನು ಬೇರೆ ತಂಡದ ಜೊತೆ ಬದಲಾಯಿಸಿಕೊಳ್ಳಬಹುದು. ಹುಡುಗನಿಗೆ ತಂಡ ಆರಿಸುವ ಹಕ್ಕಿಲ್ಲ. ಸಂಬಳವೂ ಸರದಿಯ ಪ್ರಕಾರ ಹೆಚ್ಚುಕಡಿಮೆ ನಿಗದಿ.

ಸೊನ್ನೆ_ಟೆಕ್ನಿಕ್
ಟೆಕ್ನಿಕ್ ಅಂದರೆ ಎಲ್ಲಿ ನಿಲ್ಲುತ್ತಾನೆ ಅನ್ನುವ ಲೆಕ್ಕ, ಅಷ್ಟೇ. ಎದುರಿನ ಆಫೆನ್ಸ್ ಲೈನ್‌ನಲ್ಲಿ ನಡುವೆ ಸೆಂಟರ್, ಪಕ್ಕ ಗಾರ್ಡ್, ಅದರಾಚೆ ಟ್ಯಾಕಲ್ (ಡಿಫೆನ್ಸ್‌ನ ಟ್ಯಾಕಲ್ ಬೇರೆ). ಸೊನ್ನೆ ಅಂದರೆ ಸೆಂಟರ್‌ನ ಮೂಗಿನ ನೇರಕ್ಕೆ. ಮೂರು ಅಂದರೆ ಗಾರ್ಡ್‌ನ ಹೊರ ಭುಜಕ್ಕೆ. ಐದು ಅಂದರೆ ಟ್ಯಾಕಲ್‌ನ ಹೊರ ಭುಜಕ್ಕೆ. ಒಂಬತ್ತು ಅಂದರೆ ಅದಕ್ಕೂ ಆಚೆ, ಓಡಿಬರಲು ಜಾಗ ಇರುವ ಕಡೆ. ಸೊನ್ನೆಯವನ ಕೆಲಸ ಇಬ್ಬರನ್ನು ಮೈಮೇಲೆ ಎಳೆದುಕೊಂಡು ಜಾಗ ಬಿಡದೆ ನಿಲ್ಲುವುದು. ಅವನಿಗೆ ಸ್ಯಾಕ್ ಬರುವುದಿಲ್ಲ, ಹೆಸರೂ ಬರುವುದಿಲ್ಲ. ಮೂರರವನು ಒಬ್ಬನೇ ಎದುರಾಳಿಯ ಮೇಲೆ ಬಿದ್ದು ಸಂದಿಯಲ್ಲಿ ನುಗ್ಗುವವನು. ಆರನ್ ಡೊನಾಲ್ಡ್ ಅಲ್ಲಿಂದಲೇ ರಾಜ್ಯ ಆಳಿದ್ದು. ಅದಕ್ಕೇ ಸೊನ್ನೆಯವನನ್ನೂ ಒಂಬತ್ತರವನನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಹೋಲಿಸುವವರನ್ನು ಕಂಡರೆ ನನಗೆ ತಲೆ ಕೆಡುತ್ತದೆ.

ಹಾಸನದ_ಹೊಸಬ
ಥ್ಯಾಂಕ್ಸ್. ಅಂದರೆ ನೀವು ಹೆಸರು ಬರದವರ ಪಾರ್ಟಿ.

ಸೊನ್ನೆ_ಟೆಕ್ನಿಕ್
ಹುಟ್ಟಿದಾಗಿನಿಂದ.

ಬೇ_ಏರಿಯಾ_ಬಸಣ್ಣ
ಡೊನಾಲ್ಡ್ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ. 2014ರಲ್ಲಿ 6 ಅಡಿ 1 ಇಂಚು, 285 ಪೌಂಡ್ ಅಂತ ಎಲ್ಲರೂ ಮೂಗು ಮುರಿದರು. ಕುಳ್ಳ, ಟ್ಯಾಕಲ್ ಆಗುವುದಕ್ಕೆ ಮೈ ಸಾಲದು ಅಂದರು. 13ನೇ ಸರದಿವರೆಗೂ ಜಾರಿದ. ಆಮೇಲೆ ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ, 111 ಸ್ಯಾಕ್, ಅದೂ ಮಧ್ಯದಿಂದ. ಹಾಗಾಗಿ ಮಿಚಿಗನ್‌ನ ಟ್ಯಾಕಲ್ ಮೇಸನ್ ಗ್ರಾಹಮ್ ತೋಳು 32 ಇಂಚು ಅಂತ ಈಗ ಅಳುತ್ತಿರುವವರು ಸ್ವಲ್ಪ ಸುಮ್ನೆ ಇರಿ.

ಸೊನ್ನೆ_ಟೆಕ್ನಿಕ್
@ಬೇ_ಏರಿಯಾ_ಬಸಣ್ಣ ಇದೇ ನೋಡಿ ತೊಂದರೆ. ಕುಳ್ಳಗಿರುವ ಪ್ರತಿಯೊಬ್ಬನಿಗೂ ಡೊನಾಲ್ಡ್ ಹೆಸರು ಅಂಟಿಸುವುದು. ಡೊನಾಲ್ಡ್ 40 ಗಜವನ್ನು 4.68ರಲ್ಲಿ ಓಡಿದ, ಬೆಂಚ್‌ನಲ್ಲಿ 225 ಪೌಂಡ್ 35 ಸಲ ಎತ್ತಿದ, ಕಾಲೇಜಿನ ಕೊನೆಯ ವರ್ಷ 11 ಸ್ಯಾಕ್ ಹೊಡೆದ. ಅಳತೆಯೂ ಇತ್ತು, ಲೆಕ್ಕವೂ ಇತ್ತು, ಎತ್ತರ ಮಾತ್ರ ಇರಲಿಲ್ಲ. ಗ್ರಾಹಮ್ ಒಳ್ಳೆಯವನು, ಒಪ್ಪುತ್ತೇನೆ. ಆದರೆ ಡೊನಾಲ್ಡ್ ಅಲ್ಲ.

ಆನ್_ಆರ್ಬರ್_ಅನು
ಗ್ರಾಹಮ್ ಬಗ್ಗೆ ನಾನು ಮಾತಾಡುತ್ತೇನೆ, ಮೂರು ವರ್ಷ ಮಿಚಿಗನ್‌ನ ಬಿಗ್ ಹೌಸ್ ಸ್ಟೇಡಿಯಂನಲ್ಲಿ ಕೂತು ನೋಡಿದ್ದೇನೆ. ಅವನು ಹೈಸ್ಕೂಲಿನಲ್ಲಿ ಕುಸ್ತಿ ಆಡಿದವನು. ಅದು ಪ್ರತಿ ಪ್ಲೇಯಲ್ಲೂ ಕಾಣುತ್ತದೆ. ಬೇರೆ ಟ್ಯಾಕಲ್‌ಗಳು ಡಬಲ್ ಟೀಮ್ (ಇಬ್ಬರು ಒಟ್ಟಿಗೆ) ಬಂದಾಗ ನೇರ ನಿಂತುಬಿಡುತ್ತಾರೆ, ಅಲ್ಲಿಗೆ ಮುಗಿಯಿತು, ಹಿಂದಕ್ಕೆ ಹೋಗುತ್ತಲೇ ಇರುತ್ತಾರೆ. ಇವನು ಒಂದು ಮಂಡಿ ಕೆಳಗಿಳಿಸಿ, ಸೊಂಟ ತಿರುಗಿಸಿ, ಒಬ್ಬನ ಭುಜವನ್ನು ಇನ್ನೊಬ್ಬನಿಂದ ಬಿಡಿಸಿಬಿಡುತ್ತಾನೆ. ಹೋದ ನವೆಂಬರ್‌ನಲ್ಲಿ ಕೊಲಂಬಸ್‌ನಲ್ಲಿ ಒಹಾಯೋ ಸ್ಟೇಟ್ ಮೇಲೆ 13-10 ಗೆದ್ದೆವಲ್ಲ, ಅದನ್ನು ಯೂಟ್ಯೂಬ್‌ನಲ್ಲಿ ಮತ್ತೆ ನೋಡಿ. ಬಾಲ್ ಹಿಡಿದವನನ್ನು ನೋಡಬೇಡಿ, ಗ್ರಾಹಮ್ ಮತ್ತು ಗ್ರಾಂಟ್ ನಿಂತ ಜಾಗ ಮಾತ್ರ ನೋಡಿ. ಆ ಜಾಗ ಅಲ್ಲಾಡುವುದೇ ಇಲ್ಲ. ಒಹಾಯೋದವರು ಮಧ್ಯದಲ್ಲೇ ಮತ್ತೆ ಮತ್ತೆ ಓಡುತ್ತಾರೆ, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಅಂದು ನಮ್ಮ ಆಫೆನ್ಸ್ ಏನೂ ಮಾಡಲಿಲ್ಲ, ಲೈನ್ ಗೆಲ್ಲಿಸಿತು.

ಕೊಲಂಬಸ್_ಕೃಷ್ಣ
ಆ ಪಂದ್ಯದ ಮಾತು ಬೇಡ. ನ್ಯಾಷನಲ್ ಚಾಂಪಿಯನ್ ಯಾರಾದರು ಕೊನೆಗೆ?

ಆನ್_ಆರ್ಬರ್_ಅನು
@ಕೊಲಂಬಸ್_ಕೃಷ್ಣ ನಾಲ್ಕು ವರ್ಷದಿಂದ ನಮ್ಮ ಮೇಲೆ ಗೆದ್ದಿಲ್ಲ ಅಲ್ವಾ? ಸರಿ ಸರಿ.

ಫಿಲ್ಲಿ_ಫಣಿ
ಇಬ್ಬರೂ ಹೊರಗೆ ಹೋಗಿ ಜಗಳ ಆಡಿ 😂

ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯ ಸೂಪರ್ ಬೌಲ್ ನೋಡಿದವರಿಗೆ ಲೈನ್ ಬೆಲೆ ಬೇರೆ ಹೇಳಬೇಕಾಗಿಲ್ಲ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಮೇಲೆ ನಾವು ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ, ಅಂದರೆ ಹೆಚ್ಚುವರಿ ಜನರನ್ನು ನುಗ್ಗಿಸಲಿಲ್ಲ. ನಾಲ್ಕೇ ಜನ ಬಿಟ್ಟು 6 ಸ್ಯಾಕ್. ಅದರಲ್ಲಿ ಎರಡೂವರೆ ಜಾಶ್ ಸ್ವೆಟ್‌ದು, ಎರಡು ಮಿಲ್ಟನ್ ವಿಲಿಯಮ್ಸ್‌ದು. ಸ್ವೆಟ್ ನಾಲ್ಕನೇ ಸುತ್ತಿನವನು, ವಿಲಿಯಮ್ಸ್ ಮೂರನೇ ಸುತ್ತಿನವನು, ಲೂಸಿಯಾನ ಟೆಕ್‌ನಿಂದ ಬಂದವನು. ಮೊದಲ ಸುತ್ತಿನ ಜೇಲನ್ ಕಾರ್ಟರ್ ಮತ್ತು ಜೋರ್ಡನ್ ಡೇವಿಸ್ ಮಧ್ಯದಲ್ಲಿ ಇಬ್ಬಿಬ್ಬರನ್ನು ಕಟ್ಟಿಹಾಕಿದ್ದಕ್ಕೆ ಅಂಚಿನವರಿಗೆ ಒಬ್ಬೊಬ್ಬನೇ ಸಿಕ್ಕಿದ್ದು. ಹಾಗಾಗಿ ನಾಗ ಅವರೇ, ನಿಮಗೆ ಎಡ್ಜ್ ಬೇಕಾ ಅಥವಾ ಹಚಿನ್ಸನ್‌ನನ್ನು ಒಂಟಿಯಾಗಿ ಬಿಡಿಸುವ ಒಬ್ಬ ದಪ್ಪ ಮನುಷ್ಯ ಬೇಕಾ, ಯೋಚನೆ ಮಾಡಿ. ನಿಮ್ಮ ಟ್ಯಾಕಲ್ ಮ್ಯಾಕ್‌ನೀಲ್ ಮಂಡಿ ಡಿಸೆಂಬರ್‌ನಲ್ಲಿ ಹೋಯಿತಲ್ಲ, ಅವನು ಸೀಸನ್ ಶುರುವಿಗೆ ಬರುವುದು ಅನುಮಾನ.

ನೋವಿ_ನಾಗ
ಫಿಲಡೆಲ್ಫಿಯಾದವರ ಸಲಹೆ ನನಗೆ ಬೇಡ. ನೀವು 1995ರಲ್ಲಿ ಮೈಕ್ ಮಾಮುಲನನ್ನು ತೆಗೆದುಕೊಂಡವರು.

ಫಿಲ್ಲಿ_ಫಣಿ
ಥೂ. 30 ವರ್ಷ ಆಯಿತು, ಬಿಡಿ ಮಾರಾಯ್ರೇ!

ಹಾಸನದ_ಹೊಸಬ
ಮಾಮುಲ ಯಾರು? ಹೆಸರು ಕೇಳಿದರೆ ಪೊಲೀಸ್ ಸ್ಟೇಷನ್ ನೆನಪಾಗುತ್ತದೆ.

ಬೇ_ಏರಿಯಾ_ಬಸಣ್ಣ
😂😂 ನಾನು ಹೇಳುತ್ತೇನೆ ಕೇಳಿ. ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ವರ್ಷ ಕಂಬೈನ್ ಅಂತ ನಡೆಯುತ್ತದೆ. ಓಟ, ಜಿಗಿತ, ತೂಕ ಎತ್ತುವುದು, ಎಲ್ಲ ಅಳೆಯುತ್ತಾರೆ. ಬಾಸ್ಟನ್ ಕಾಲೇಜಿನ ಮಾಮುಲ ಅಲ್ಲಿನ ಒಂದೊಂದು ಪರೀಕ್ಷೆಗೂ ಬೇರೆಯಾಗಿ ತಯಾರಿ ಮಾಡಿಕೊಂಡು ಹೋದ, ಆಗ ಅದು ಹೊಸತು. ಅಂಕಿ ನೋಡಿ ಎಲ್ಲರಿಗೂ ಮರುಳು ಹಿಡಿಯಿತು. ಈಗಲ್ಸ್‌ನವರು 12ನೇ ಸರದಿಯ ಜೊತೆಗೆ ಇನ್ನೆರಡು ಎರಡನೇ ಸುತ್ತಿನ ಸರದಿ ಟ್ಯಾಂಪಾ ಬೇಗೆ ಕೊಟ್ಟು 7ಕ್ಕೆ ಏರಿ ಅವನನ್ನು ತೆಗೆದುಕೊಂಡರು. ಟ್ಯಾಂಪಾದವರು ಅದೇ 12ನೇ ಸರದಿಯಲ್ಲಿ ತೆಗೆದುಕೊಂಡಿದ್ದು ವಾರೆನ್ ಸ್ಯಾಪ್‌ನನ್ನು! ಅವನು ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಮಾಮುಲ ಕೆಟ್ಟ ಆಟಗಾರನೇನಲ್ಲ, ಒಟ್ಟು 31.5 ಸ್ಯಾಕ್ ಹೊಡೆದ. ಆದರೆ ಅವನ ಪಾಲಿಗೆ ಎದುರಿಗೆ ಸ್ಯಾಪ್ ಹೆಸರು ಯಾವಾಗಲೂ ಇರುತ್ತದೆ.

ದಾವಣಗೆರೆ_ಟು_ಡಲ್ಲಾಸ್
ಇದಕ್ಕೆ ಉಲ್ಟಾ ಟೆರೆಲ್ ಸಗ್ಸ್. 2002ರಲ್ಲಿ ಅರಿಜೋನ ಸ್ಟೇಟ್‌ಗೆ 24 ಸ್ಯಾಕ್. ಓಟ ನಿಧಾನ ಅಂತ ಎಲ್ಲರೂ ರಾಗ ಎಳೆದರು. ರೇವನ್ಸ್ 10ರಲ್ಲಿ ತೆಗೆದುಕೊಂಡಿತು. ನಿವೃತ್ತಿ ಆಗುವಾಗ 139 ಸ್ಯಾಕ್. ನನ್ನ ಓಟು ಗ್ರೀನ್‌ಗೆ. ಕಾಲೇಜಿನಲ್ಲಿ ಮಾಡಿದವನು ಮುಂದೆಯೂ ಮಾಡುತ್ತಾನೆ.

ಸೊನ್ನೆ_ಟೆಕ್ನಿಕ್
@ದಾವಣಗೆರೆ_ಟು_ಡಲ್ಲಾಸ್ ಹಾಗಾದರೆ ವರ್ನನ್ ಗೋಲ್‌ಸ್ಟನ್? ಒಹಾಯೋ ಸ್ಟೇಟ್‌ನಲ್ಲಿ ಒಂದೇ ಸೀಸನ್‌ಗೆ 14 ಸ್ಯಾಕ್. ಕಂಬೈನ್‌ನಲ್ಲಿ ಬೆಂಚ್ 37 ಸಲ. 2008ರಲ್ಲಿ ಜೆಟ್ಸ್‌ಗೆ 6ನೇ ಸರದಿ. ಎನ್‌ಎಫ್‌ಎಲ್‌ನಲ್ಲಿ ಅವನ ಒಟ್ಟು ಸ್ಯಾಕ್ ಎಷ್ಟು ಗೊತ್ತಾ? ಸೊನ್ನೆ. ಒಂದೂ ಇಲ್ಲ. ಅಳತೆಯೂ ಇತ್ತು, ಲೆಕ್ಕವೂ ಇತ್ತು. ಅದಕ್ಕೇ ಹೇಳುವುದು, ಆ 14 ಸ್ಯಾಕ್ ಹೇಗೆ ಬಂತು ಅಂತ ಟೇಪ್ ನೋಡಬೇಕು. ಕಾಲೇಜಿನ ಟ್ಯಾಕಲ್‌ನನ್ನು ಬರೀ ಬಲದಿಂದ ದೂಡಿ ಹೊಡೆದಿದ್ದೋ, ಪಟ್ಟು ಹಾಕಿ ಹೊಡೆದಿದ್ದೋ? ಎನ್‌ಎಫ್‌ಎಲ್‌ನಲ್ಲಿ ಎಲ್ಲರಿಗೂ ಬಲ ಇರುತ್ತದೆ.

ದಾವಣಗೆರೆ_ಟು_ಡಲ್ಲಾಸ್
ಒಬ್ಬ ಗೋಲ್‌ಸ್ಟನ್ ತೋರಿಸಿ ಎಲ್ಲರನ್ನೂ ಹೊಡೆದುಹಾಕುವುದಾದರೆ ಚರ್ಚೆ ಯಾಕೆ?

ಶಿಕಾಗೋ_ಶಾರದೆ
ಒಂದೇ ತಂಡ, ಒಂದೇ ಡ್ರಾಫ್ಟ್‌ನ ಉದಾಹರಣೆ ಬೇಕಾ? 2019, ರೈಡರ್ಸ್. 4ನೇ ಸರದಿಯಲ್ಲಿ ಕ್ಲೆಮ್ಸನ್‌ನ ಕ್ಲೆಲಿನ್ ಫೆರೆಲ್. ದೊಡ್ಡ ಕಾಲೇಜು, ಚಾಂಪಿಯನ್ ತಂಡ, ಪಕ್ಕದಲ್ಲಿ ಇಬ್ಬರು ಮೊದಲ ಸುತ್ತಿನವರು. ನಾಲ್ಕನೇ ಸುತ್ತಿನಲ್ಲಿ, 106ಕ್ಕೆ, ಈಸ್ಟರ್ನ್ ಮಿಚಿಗನ್‌ನ ಮ್ಯಾಕ್ಸ್ ಕ್ರಾಸ್ಬಿ. ಮೊದಲ ವರ್ಷವೇ ಫೆರೆಲ್ 4.5, ಕ್ರಾಸ್ಬಿ 10. ಮುಂದಿನದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಒಳ್ಳೆಯವರಿದ್ದರೆ ಒಬ್ಬನ ಲೆಕ್ಕ ಉಬ್ಬುತ್ತದೆ. ಮಾರ್ಷಲ್‌ನಲ್ಲಿ ಗ್ರೀನ್ ಪಕ್ಕ ಯಾರಿದ್ದರು? ಇಬ್ಬಿಬ್ಬರು ಮೈಮೇಲೆ ಬಿದ್ದರೂ 17 ಹೊಡೆದಿದ್ದಾನೆ.

ಆನ್_ಆರ್ಬರ್_ಅನು
ಕ್ರಾಸ್ಬಿ ಆಡಿದ ಇಪ್ಸಿಲಾಂಟಿ ನಮ್ಮ ಮನೆಯಿಂದ ಕಾರಿನಲ್ಲಿ ಹೋದರೆ ಕಾಲು ಗಂಟೆ. ಆಗ ಟಿಕೆಟ್ ಪುಕ್ಕಟೆ ಕೊಟ್ಟರೂ ಯಾರೂ ಹೋಗುತ್ತಿರಲಿಲ್ಲ.

ನೋವಿ_ನಾಗ
ನನ್ನ ಅನುಮಾನ ಇನ್ನೂ ಹೋಗಿಲ್ಲ. ಯಾಕೆಂದರೆ 2022ರಲ್ಲಿ ಇದೇ ಜಗಳ ನಮ್ಮ ಊರಿನಲ್ಲೇ ನಡೆಯಿತು. ಜಾರ್ಜಿಯಾದ ಟ್ರವಾನ್ ವಾಕರ್‌ಗೆ 35.5 ಇಂಚಿನ ತೋಳು, 272 ಪೌಂಡ್ ಇಟ್ಟುಕೊಂಡು 4.51 ಓಟ, ಆದರೆ ಕಾಲೇಜಿನಲ್ಲಿ ಒಟ್ಟು 9.5 ಸ್ಯಾಕ್. ನಮ್ಮ ಪ್ಲಿಮತ್ ಹುಡುಗ ಹಚಿನ್ಸನ್‌ಗೆ ತೋಳು 32 ಇಂಚು ಮತ್ತು ಚೂರು, ಆದರೆ ಒಂದೇ ಸೀಸನ್‌ಗೆ 14. ಜಾಕ್ಸನ್‌ವಿಲ್ ತೋಳು ನೋಡಿ ವಾಕರ್‌ನನ್ನು ಮೊದಲು ತೆಗೆದುಕೊಂಡಿತು, ನಮಗೆ ಎರಡರಲ್ಲಿ ಹಚಿನ್ಸನ್ ಬಂದ. ಮೊದಲ ವರ್ಷ ನಮ್ಮವನು 9.5, ಅವನು 3.5. ಆಫೀಸಿನಲ್ಲಿ ಕಾಲರ್ ಏರಿಸಿಕೊಂಡು ಓಡಾಡಿದೆ.

ಬೇ_ಏರಿಯಾ_ಬಸಣ್ಣ
ಮುಂದಿನದನ್ನೂ ಹೇಳಿ. ವಾಕರ್ 2023ರಲ್ಲಿ 10, 2024ರಲ್ಲಿ 10.5. ಅವನೇನು ಫೇಲ್ ಆಗಲಿಲ್ಲ. ತಡವಾಗಿ ಕಲಿತ. ಮೈಕಟ್ಟು ನೋಡಿ ತೆಗೆದುಕೊಂಡರೆ ಎರಡು ವರ್ಷ ಕಾಯುವ ತಾಳ್ಮೆ ಇರಬೇಕು, ಅಷ್ಟೇ. ನಿಮ್ಮ ಲಯನ್ಸ್ ಈಗ ಗೆಲ್ಲಬೇಕಾದ ತಂಡ, ಕಾಯುವ ತಂಡ ಅಲ್ಲ.

ಸೊನ್ನೆ_ಟೆಕ್ನಿಕ್
@ಬೇ_ಏರಿಯಾ_ಬಸಣ್ಣ ಇಡೀ ಚರ್ಚೆಯಲ್ಲಿ ಮೊದಲ ಸಲ ನಿಮ್ಮ ಮಾತು ಒಪ್ಪುತ್ತೇನೆ. ಹುಡುಗ ಎಂಥವನು ಅನ್ನುವುದು ಅರ್ಧ, ಯಾವ ತಂಡಕ್ಕೆ ಹೋಗುತ್ತಾನೆ ಅನ್ನುವುದು ಇನ್ನರ್ಧ. ಸ್ಟೀವರ್ಟ್‌ಗೆ ಒಳ್ಳೆಯ ಲೈನ್ ಕೋಚ್ ಸಿಕ್ಕಿ, ಮೊದಲ ವರ್ಷ 20-25 ಪ್ಲೇ ಮಾತ್ರ ಆಡಿಸಿದರೆ ಸರಿ ಹೋಗಬಹುದು. ಬಂದ ದಿನವೇ ಸ್ಯಾಕ್ ಕೊಡು ಅಂದರೆ ಕೆಟ್ಟ.

ಕೊಲಂಬಸ್_ಕೃಷ್ಣ
ಯಾರೂ ಅಬ್ದುಲ್ ಕಾರ್ಟರ್ ಬಗ್ಗೆ ಮಾತಾಡುತ್ತಿಲ್ಲವಲ್ಲ?

ಫಿಲ್ಲಿ_ಫಣಿ
ಮಾತಾಡಲು ಏನಿದೆ, ಮೊದಲ ಮೂರರಲ್ಲಿ ಹೋಗುತ್ತಾನೆ. ಲೈನ್ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆಗಿದ್ದವನನ್ನು ಪೆನ್ ಸ್ಟೇಟ್ ಒಂದೇ ವರ್ಷ ಅಂಚಿಗೆ ಹಾಕಿತು, 12 ಸ್ಯಾಕ್. ಬೊಯ್ಸಿ ಸ್ಟೇಟ್ ಪಂದ್ಯದಲ್ಲಿ ಭುಜ ಪೆಟ್ಟಾಯಿತು, ಮುಂದಿನ ವಾರ ನೋತ್ರ್ ಡೇಮ್ ಎದುರು ಒಂದೇ ಕೈಯಲ್ಲಿ ಆಡಿದ ಹಾಗೆ ಆಡಿ ಅದರಲ್ಲೂ ಸ್ಯಾಕ್ ಹೊಡೆದ. ಪಾದದಲ್ಲಿ ಏನೋ ಇದೆ ಅಂತ ಕಂಬೈನ್ ಡಾಕ್ಟರುಗಳು ಹೇಳಿದ್ದಾರೆ. ಆದರೂ ನನ್ನ ಪಟ್ಟಿಯಲ್ಲಿ ಅವನೇ ಮೊದಲು.

ಹಾಸನದ_ಹೊಸಬ
ನಮ್ಮವರು ಯಾರಾದರೂ ಎನ್‌ಎಫ್‌ಎಲ್‌ನಲ್ಲಿ ಆಡಿದ್ದಾರಾ?

ಶಿಕಾಗೋ_ಶಾರದೆ
@ಹಾಸನದ_ಹೊಸಬ ಕನ್ನಡದವರು ನನಗೆ ತಿಳಿದಂತೆ ಇಲ್ಲ. ಬ್ರಾಂಡನ್ ಚಿಲ್ಲರ್ ಅಂತ ಒಬ್ಬ ಲೈನ್‌ಬ್ಯಾಕರ್ ಇದ್ದ, ಅಪ್ಪ ಭಾರತದ ಕಡೆಯವರು. ರ‍್ಯಾಮ್ಸ್‌ಗೆ, ಆಮೇಲೆ ಪ್ಯಾಕರ್ಸ್‌ಗೆ ಆಡಿದ. ನಮ್ಮ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುವ ಹುಡುಗರನ್ನು ನೋಡಿದರೆ ಒಂದಿಬ್ಬರಿಗೆ ಸೊನ್ನೆ ಟೆಕ್ನಿಕ್ ಮೈ ಇದೆ, ಆದರೆ ಅಮ್ಮಂದಿರು ಬಿಡಬೇಕಲ್ಲ.

ದಾವಣಗೆರೆ_ಟು_ಡಲ್ಲಾಸ್
ನಮ್ಮ ಮನೆಯಲ್ಲಿ ಅಮ್ಮ ಬಿಟ್ಟಳು, ಅಜ್ಜಿ ಫೋನಿನಲ್ಲಿ ಇನ್ನೂ ಅಳುತ್ತಾರೆ.

ನೋವಿ_ನಾಗ
(ಗುರುವಾರ ರಾತ್ರಿ)
ಶುರುವಾಯಿತು. ಕಾರ್ಟರ್ 3ಕ್ಕೆ ಜೈಂಟ್ಸ್. ಗ್ರಾಹಮ್ 5ಕ್ಕೆ ಬ್ರೌನ್ಸ್.

ಆನ್_ಆರ್ಬರ್_ಅನು
ಕ್ಲೀವ್‌ಲ್ಯಾಂಡ್‌ಗಾ?! ಪಾಪ. ಆದರೆ ಮೈಲ್ಸ್ ಗ್ಯಾರೆಟ್ ಪಕ್ಕ ಆಡುತ್ತಾನೆ, ಅದೊಂದು ಸಮಾಧಾನ. ಎಲ್ಲರೂ ಗ್ಯಾರೆಟ್ ಕಡೆ ಓಡಿದಾಗ ಮಧ್ಯದಲ್ಲಿ ಇವನಿಗೆ ಜಾಗ.

ಶಿಕಾಗೋ_ಶಾರದೆ
ಗ್ರಾಂಟ್ 13ಕ್ಕೆ ಮಯಾಮಿ. ಆ ಬಿಸಿಲಿನಲ್ಲಿ 330 ಪೌಂಡ್.

ಫಿಲ್ಲಿ_ಫಣಿ
ಸ್ಟೀವರ್ಟ್ 17, ಬೆಂಗಾಲ್ಸ್. ನಾನು ಹೇಳಿರಲಿಲ್ಲವಾ? ಅಲ್ಲಿ ಹೆಂಡ್ರಿಕ್ಸನ್ 17.5 ಸ್ಯಾಕ್ ಹೊಡೆದು ಲೀಗ್‌ಗೇ ಮೊದಲು ಬಂದು ಸಂಬಳ ಹೆಚ್ಚು ಮಾಡಿ ಅಂತ ಕೂತಿದ್ದಾನೆ, ಇವರು 4.5ರವನನ್ನು ತಂದರು.

ಸೊನ್ನೆ_ಟೆಕ್ನಿಕ್
ಬಂದ ದಿನವೇ ಸ್ಯಾಕ್ ಕೇಳುವ ತಂಡಕ್ಕೇ ಹೋದ. ಆಯಿತು.

ಕೊಲಂಬಸ್_ಕೃಷ್ಣ
28!!! ಟೈಲೀಕ್ ವಿಲಿಯಮ್ಸ್!!! ಒಹಾಯೋ ಸ್ಟೇಟ್! ನಾಗಣ್ಣ, ಇನ್ನು ಮೇಲೆ ಭಾನುವಾರ ನಮ್ಮ ಹುಡುಗನಿಗೆ ಚಪ್ಪಾಳೆ ಹೊಡೆಯಬೇಕು!

ನೋವಿ_ನಾಗ
334 ಪೌಂಡಿನ ನೋಸ್ ಟ್ಯಾಕಲ್, ಆ ಸೊನ್ನೆಯ ಜಾಗದವನು. ಎಡ್ಜ್ ಕೇಳಿದರೆ ನೋಸ್. ಅದೂ ಬಕ್‌ಐ, ಒಹಾಯೋ ಸ್ಟೇಟ್‌ನವನು. ಗ್ರೀನ್ ಇನ್ನೂ ಅಲ್ಲೇ ಕೂತಿದ್ದಾನೆ. ನಾನು ಟಿವಿ ಆಫ್ ಮಾಡಿ ಮಲಗುತ್ತೇನೆ.

ಸೊನ್ನೆ_ಟೆಕ್ನಿಕ್
ಈ ರಾತ್ರಿಯ ಅತ್ಯುತ್ತಮ ಆಯ್ಕೆ! ಮ್ಯಾಕ್‌ನೀಲ್ ಇಲ್ಲ, ಇನ್ನೊಬ್ಬ ಟ್ಯಾಕಲ್ ರೀಡರ್‌ಗೆ ವಯಸ್ಸಾಯಿತು. ಮಧ್ಯದಲ್ಲಿ ಇಬ್ಬರನ್ನು ಹಿಡಿದು ನಿಲ್ಲುವವನು ಬಂದ ಮೇಲೆ ಹಚಿನ್ಸನ್ ಮೇಲೆ ಇಬ್ಬರನ್ನು ಕಳಿಸುವುದು ಹೇಗೆ? ವಿಲಿಯಮ್ಸ್‌ಗೆ ಸ್ಯಾಕ್ ಬರುವುದಿಲ್ಲ, ನೀವು ಬೈಯುತ್ತಲೇ ಇರುತ್ತೀರಿ, ಹಚಿನ್ಸನ್‌ಗೆ ಬರುತ್ತಲೇ ಇರುತ್ತದೆ.

ದಾವಣಗೆರೆ_ಟು_ಡಲ್ಲಾಸ್
(ಶನಿವಾರ)
ಗ್ರೀನ್ ನಿನ್ನೆ 59ಕ್ಕೆ ರೇವನ್ಸ್. ಸಗ್ಸ್‌ನನ್ನು ತೆಗೆದುಕೊಂಡ ಅದೇ ತಂಡ, ಗಮನಿಸಿ.

ನಾಗ ಅವರೇ ಎದ್ದೇಳಿ, ಆರನೇ ಸುತ್ತಿನಲ್ಲಿ ನಿಮಗೆ ಎಡ್ಜ್ ಸಿಕ್ಕಿದ. 196ನೇ ಸರದಿ, ಬೊಯ್ಸಿ ಸ್ಟೇಟ್‌ನ ಅಹ್ಮದ್ ಹಸನೈನ್. ಹುಟ್ಟಿದ್ದು ಕ್ಯಾಲಿಫೋರ್ನಿಯಾ, ಬೆಳೆದದ್ದು ಈಜಿಪ್ಟ್. ಹದಿಹರೆಯದಲ್ಲಿ ವಾಪಸ್ ಬಂದ ಮೇಲೇ ಈ ಆಟ ಕಲಿತಿದ್ದು. 2023ರಲ್ಲಿ 12.5 ಸ್ಯಾಕ್ ಹೊಡೆದಿದ್ದಾನೆ. ಡ್ರಾಫ್ಟ್ ಆದ ಮೊದಲ ಈಜಿಪ್ಟಿನವನು.

ಹಾಸನದ_ಹೊಸಬ
ಹದಿಹರೆಯದಲ್ಲಿ ಕಲಿತು ಎನ್‌ಎಫ್‌ಎಲ್‌ಗಾ! ಹಾಗಾದರೆ ನನ್ನ ತಮ್ಮನಿಗೂ ಟೈಮ್ ಇದೆ. 118 ಕೆಜಿ, ಎತ್ತರ 5 ಅಡಿ 7.

ಸೊನ್ನೆ_ಟೆಕ್ನಿಕ್
ತೋಳು ಎಷ್ಟು ಇಂಚು?

ಹಾಸನದ_ಹೊಸಬ
ಅಳೆದಿಲ್ಲ. ದೂರದಲ್ಲಿರುವ ಮಜ್ಜಿಗೆ ಹುಳಿ ಪಾತ್ರೆ ಎದ್ದು ನಿಲ್ಲದೆ ಎಟುಕುತ್ತದೆ.

ನೋವಿ_ನಾಗ
ಹಸನೈನ್ ಹೈಲೈಟ್ಸ್ ಈಗ ನೋಡಿದೆ. ಬಿದ್ದರೂ ತೆವಳಿಕೊಂಡು ಹೋಗಿ ಕ್ವಾರ್ಟರ್‌ಬ್ಯಾಕ್ ಕಾಲು ಹಿಡಿಯುತ್ತಾನೆ. ಎರಡನೇ ಪಟ್ಟು ಇದೆಯಾ ಅಂತ ಸೊನ್ನೆ ಅವರು ನೋಡಿ ಹೇಳಬೇಕು, ಲಿಂಕ್ ಕಳಿಸುತ್ತೇನೆ.

ಸೊನ್ನೆ_ಟೆಕ್ನಿಕ್
ಹೈಲೈಟ್ಸ್ ಬೇಡ. ಪೂರ್ತಿ ಪಂದ್ಯ ಕಳಿಸಿ.